ಕಾಶವ್ವ ಹೊತ್ತ ಮಾತು

ನಮ್ಮೂರಿನಲ್ಲಿ ಮನುಷ್ಯ ಎಂಥವನು ಎಂದು ತಿಳಿಯಲು ಯಾರೂ ಮುಖ ನೋಡುವುದಿಲ್ಲ, ಹೆಗಲು ನೋಡುತ್ತಾರೆ. ಕೆಲಸ ಒಪ್ಪಿಕೊಳ್ಳುವಾಗ ಆಡಿದ, ಇಲ್ಲವೇ ಸಹಿ ಹಾಕಿ ಬರೆದುಕೊಟ್ಟ ಇಂಗ್ಲಿಷ್ ಮಾತು ಬಲ ಹೆಗಲ ಮೇಲೆ ಬಂದು ಕೂರುತ್ತದೆ, ಆಡಿದಷ್ಟನ್ನು ಮಾಡಿದ ಮೇಲೆ ಇಳಿದು ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ತೂಕ ಮಾತ್ರ ಸುಳ್ಳಲ್ಲ. ನಮ್ಮ ದರ್ಜಿಗಳು ಅಂಗಿ ಹೊಲಿಯುವಾಗ ಬಲಗಡೆ ಒಂದು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. ಗಂಡು ನೋಡಲು ಹೋದವರು ಮೊದಲು ಅವನನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಎರಡು ಹೆಗಲೂ ಸಮ ಇವೆಯೇ ಎಂದು ನೋಡುತ್ತಾರೆ. ಬಲ ಹೆಗಲು ಜೋತುಬಿದ್ದಿದ್ದರೆ, ಇವನಿಗೆ ಮನೆಗೆ ಬರಲು ಪುರುಸೊತ್ತೇ ಇರಲಿಕ್ಕಿಲ್ಲ ಎಂದು ಚಹಾ ಕುಡಿದು ಎದ್ದು ಬರುತ್ತಾರೆ. ಕನ್ನಡದ ಮಾತಿಗೆ ಈ ತೂಕ ಇಲ್ಲ. ‘ಮಾಡೂಣಂತ ಬಿಡ್ರಿ’ ಎಂದು ದಿನಕ್ಕೆ ನೂರು ಸಲ ಅಂದರೂ ನೊಣ ಕೂತಷ್ಟೂ ಭಾರ ಆಗುವುದಿಲ್ಲ. ಆದ್ದರಿಂದಲೇ ನಮ್ಮ ಪುರಸಭೆಗೆ ಅರ್ಜಿ ಕೊಟ್ಟವರು ಇಂಗ್ಲಿಷಿನಲ್ಲಿ ಒಂದು ಉತ್ತರ ಸಿಗುವ ತನಕ ಕಿಟಕಿ ಬಿಟ್ಟು ಕದಲುವುದಿಲ್ಲ.

ನನ್ನನ್ನು ಎಲ್ಲರೂ ಬಿಂದಪ್ಪ ಮಾಸ್ತರ ಎನ್ನುತ್ತಾರೆ. ಅದೇ ಪುರಸಭೆಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದು, ನಿವೃತ್ತನಾದ ಮೇಲೆ ಕಿರಾಣಿ ಅಂಗಡಿಯ ಮಾಳಿಗೆಯಲ್ಲಿ ಸಂಜೆ ಕ್ಲಾಸು ನಡೆಸುತ್ತಿದ್ದೆ. ಮೇಲ್ನೋಟಕ್ಕೆ ಒಂದೇ ಥರ ಕಾಣುವ ಇಂಗ್ಲಿಷ್ ಮಾತುಗಳ ನಡುವಿನ ಕೂದಲೆಳೆಯಷ್ಟು ಫರಕನ್ನು ಹೇಳಿಕೊಡುವುದು ನನ್ನ ವಿದ್ಯೆ. ‘ನೋಟೆಡ್’ ಎಂದರೆ ಬರೆದುಕೊಂಡರೆ ಮುಗಿಯಿತು. ‘ಐ ವಿಲ್ ಲುಕ್ ಇಂಟು ಇಟ್’ ಎಂದರೆ ನಿಂಬೆಹಣ್ಣಿನಷ್ಟು ಭಾರ. ಫೈಲು ಬಿಚ್ಚಿ ಕಣ್ಣಾಡಿಸಿದರೆ ಇಳಿಯುತ್ತದೆ. ‘ಐ ವಿಲ್ ಟ್ರೈ’ ಎಂದರೆ ಒಂದು ತೆಂಗಿನಕಾಯಿ. ಒಮ್ಮೆ ಕೈಹಾಕಿ, ಆಗಲಿಲ್ಲ ಎಂದು ತಲೆ ಆಡಿಸಿದರೆ ಅದೂ ಹೋಯಿತು. ಆದರೆ ಅದರ ಮಗ್ಗುಲಲ್ಲೇ ಅಷ್ಟೇ ಸಾಧುವಾಗಿ ಕೂತಿರುವ ‘ಐ ವಿಲ್ ಡೂ ಮೈ ಬೆಸ್ಟ್’ ಇದೆಯಲ್ಲ, ಅದು ತುಂಬಿದ ಕೊಡ. ಒಂದು ಪ್ರಯತ್ನಕ್ಕೆ ಕೊನೆ ಇದೆ, ಕೈಲಾದಷ್ಟು ಎಂಬುದಕ್ಕೆ ಕೊನೆ ಎಲ್ಲಿ ಎಂದು ಯಾರಿಗೆ ಗೊತ್ತು? ಎಲ್ಲಕ್ಕಿಂತ ಮೇಲೆ ‘ಕನ್ಸಿಡರ್ ಇಟ್ ಡನ್’. ಅದು ಕ್ವಿಂಟಲ್ ಜೋಳದ ಚೀಲ. ಅದನ್ನು ನಾನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ, ಬಾಯಿಂದ ಅನ್ನುತ್ತಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಒಂದು ತೆಂಗಿನಕಾಯಿಗಿಂತ ಹೆಚ್ಚು ಹೊತ್ತವನಲ್ಲ ಎಂಬ ಹೆಮ್ಮೆ ನನಗಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಕ್ಲಾಸಿಗೆ ಬರುವವರೆಲ್ಲ ಹೊಸದಾಗಿ ನೌಕರಿಗೆ ಸೇರಿದವರು, ಗುತ್ತಿಗೆದಾರರು, ಹೆಚ್ಚೆಂದರೆ ಒಬ್ಬಿಬ್ಬರು ವಕೀಲರು. ಆ ವರ್ಷ ಫೆಬ್ರುವರಿಯಲ್ಲಿ ಕಾಶವ್ವ ಬಂದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಸಿಪಾಯಿ ಕೆಲಸ ಅವಳದು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಕುಡಿಯುವ ನೀರು ತುಂಬುವುದು, ಮುಖ್ಯ ಶಿಕ್ಷಕಿ ಹೆಡ್‌ಬಾಯಾರು ಕೊಟ್ಟ ಕಾಗದವನ್ನು ಊರೆಲ್ಲ ತಿರುಗಿ ಮುಟ್ಟಿಸುವುದು. ಮೂವತ್ತೈದರ ಸುಮಾರಿನ ಗಟ್ಟಿಮುಟ್ಟು ಹೆಂಗಸು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಬಿಡಿಸಿಕೊಂಡು ಕೂತು, ಮೊದಲ ದಿನವೇ ಕೈ ಎತ್ತಿದಳು.

“ಮಾಸ್ತರ, ಈ ಟ್ರೈಗೂ ಬೆಸ್ಟಿಗೂ ನಡಕ ಏನೇನ್ ಬರ್ತಾವ್ರಿ?”

“ನಿನಗ್ಯಾಕವಾ ಕಾಶವ್ವಾ ಅದೆಲ್ಲಾ? ಗಂಟಿ ಹೊಡಿಲಿಕ್ಕೆ ‘ಓಕೆ’ ಅಂದ್ರ ಸಾಕಾಗ್ತದ.”

“ಇರ್ಲಿ ಹೇಳ್ರಿ. ಒಂದೊಂದೂ ಎಷ್ಟೆಷ್ಟು ವಜ್ಜಾ, ಯಾವಾಗ ಇಳೀತೈತಿ, ಎಲ್ಲಾ ಬರಕೋತೀನಿ.”

ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳು ನಗಲಿಲ್ಲ, ಪೆನ್ಸಿಲ್ ತುದಿ ನೆಕ್ಕಿ ಬರೆದುಕೊಂಡಳು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಬೇರೆ ಶಿಷ್ಯರು ಹಗುರ ಮಾತನ್ನಷ್ಟೇ ಬಾಯಿಪಾಠ ಮಾಡಿ, ಭಾರದ್ದು ಬಂದಾಗ ಆಕಳಿಸುತ್ತಿದ್ದರು. ಇವಳು ಭಾರದ್ದು ಬಂದಾಗಲೇ ಕಣ್ಣರಳಿಸಿ ಕೂರುತ್ತಿದ್ದಳು. ನನಗೆ ಅದು ವಿಚಿತ್ರ ಅನಿಸಿದರೂ ಕೇಳಲು ಹೋಗಲಿಲ್ಲ.

ಏಪ್ರಿಲ್ ಮೊದಲ ವಾರ ಕ್ಲಾಸು ಮುಗಿದ ಮೇಲೆ ಅವಳೊಬ್ಬಳೇ ಉಳಿದಳು. ಸೆರಗಿನೊಳಗಿಂದ ಒಂದು ದಪ್ಪ ಫೈಲು ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಹೆಣ್ಣುಮಕ್ಕಳ ಶಾಲೆಗೆ ಪಾಯಖಾನೆ ಕಟ್ಟಿಸಿಕೊಡಬೇಕೆಂಬ ಅರ್ಜಿ ಅದು, ಹದಿನಾಲ್ಕು ವರ್ಷದ್ದು. ಆ ಶಾಲೆಯ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಸಣ್ಣ ಹುಡುಗಿಯರು ಹೇಗೋ ಸುಧಾರಿಸುತ್ತಿದ್ದರು. ದೊಡ್ಡವರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತು, ಮಧ್ಯಾಹ್ನದ ಗಂಟೆ ಆದದ್ದೇ ಹೊಟ್ಟೆ ಹಿಡಿದುಕೊಂಡು ಮನೆಗೆ ಓಡುತ್ತಿದ್ದರು. ಓಡಿದವರು ಮಧ್ಯಾಹ್ನದ ಹಾಜರಿಗೆ ತಿರುಗಿ ಬರುತ್ತಿರಲಿಲ್ಲ. ಏಳನೇ ಇಯತ್ತೆ ದಾಟಿದ ಮೇಲೆ ಬೆಳಿಗ್ಗೆ ಬರುವುದನ್ನೂ ಬಿಡುತ್ತಿದ್ದರು. ಆ ವರ್ಷ ಎಂಟನೆಯ ಇಯತ್ತೆಯಲ್ಲಿ ಇದ್ದವರು ನಾಲ್ಕೇ ಜನ.

“ನನ್ನ ನೀಲಾ ಏಳನೇದ್ದು ಮುಗಿಸಿದಳ್ರಿ,” ಎಂದಳು ಕಾಶವ್ವ. “ನಮ್ಮ ಅತ್ತಿ ಒಂದ ಮಾತು ಹೇಳಿ ಬಿಟ್ಟಾಳ. ಕೂಸು ಹೊಟ್ಟಿ ಹಿಡ್ಕೊಂಡು ಓಡಿ ಬರೂದು ನನ್ನ ಕಣ್ಣಲೆ ನೋಡಾಕಾಗೂದಿಲ್ಲ, ಜೂನಿನ್ಯಾಗ ಸಾಲಿ ತೆರಿಯೂದ್ರಾಗ ಸಂಡಾಸ ಆದ್ರ ಕಳಸ್ತೀನಿ, ಇಲ್ಲಾಂದ್ರ ಇಲ್ಲ ಅಂತ. ಆಕಿ ಹೇಳೂದು ತಪ್ಪಲ್ರಿ. ಅದಕ್ಕ ಈ ಫೈಲ್ ಓದಾಕ ಕಲಿಬೇಕಂತ ಬಂದೆ.”

ಫೈಲಿನಲ್ಲಿ ನಲವತ್ತೊಂದು ಉತ್ತರಗಳಿದ್ದವು. ಅವಳು ಒಂದೊಂದರ ಪಕ್ಕದಲ್ಲೂ ಪೆನ್ಸಿಲ್ಲಿನಿಂದ ತೂಕ ಬರೆದಿದ್ದಳು. ನಿಂಬೆಹಣ್ಣು, ನಿಂಬೆಹಣ್ಣು, ತೆಂಗಿನಕಾಯಿ, ನಿಂಬೆಹಣ್ಣು.

“ಇದರಾಗ ಒಬ್ಬರೂ ಸುಳ್ಳ ಹೇಳಿಲ್ರಿ ಮಾಸ್ತರ. ನೋಡ್ತೀನಿ ಅಂದಾವ್ರು ನೋಡ್ಯಾರ. ಬರಕೋತೀನಿ ಅಂದಾವ್ರು ಬರಕೊಂಡಾರ. ಪ್ರಯತ್ನ ಮಾಡ್ತೀನಿ ಅಂದಾವ್ರು ಒಂದ್ ದಿನ ಬಂದು ಟೇಪ್ ಹಿಡದು ಜಾಗಾ ಅಳದು ಹೋಗ್ಯಾರ. ಎಲ್ಲಾರ ಹೆಗಲೂ ಹಗುರ ಆತು. ಸಂಡಾಸ ಒಂದ ಆಗ್ಲಿಲ್ಲ.”

ಅವಳು ಫೈಲಿನ ತಳದ ಕಾಗದವನ್ನು ಎಳೆದು ಮೇಲಿಟ್ಟಳು. ಮೊಟ್ಟಮೊದಲ ಉತ್ತರ. ‘ವಿಲ್ ಬಿ ಕನ್ಸಿಡರ್ಡ್’. ಕೆಳಗೆ ನನ್ನದೇ ಸಹಿ. ಆ ಉತ್ತರವನ್ನು ಕಂಡುಹಿಡಿದದ್ದಕ್ಕೆ ಅಂದು ಆಫೀಸಿನವರೆಲ್ಲ ನನ್ನ ಬೆನ್ನು ತಟ್ಟಿದ್ದರು. ಪರಿಶೀಲಿಸಲಾಗುವುದು ಎನ್ನುತ್ತದೆ, ಪರಿಶೀಲಿಸುವವನು ಯಾರು ಎಂದು ಹೇಳುವುದಿಲ್ಲ, ಹೀಗಾಗಿ ಯಾರ ಹೆಗಲಿಗೂ ಬರುವುದಿಲ್ಲ. ಅದರ ಪಕ್ಕದಲ್ಲಿ ಕಾಶವ್ವ ಒಂದು ಸೊನ್ನೆ ಸುತ್ತಿದ್ದಳು. ನನಗೆ ಮೊದಲು ಸಿಟ್ಟು ಬಂತು.

“ಇದನ್ನ ತೋರ್ಸಿ ನನ್ನ ಮಾನಾ ಕಳೀಲಿಕ್ಕೆ ಎರಡ ತಿಂಗಳು ಕ್ಲಾಸಿಗೆ ಬಂದ್ಯೇನು?”

“ಅಲ್ರಿ ಮಾಸ್ತರ. ನಿಮ್ಮಷ್ಟು ಛಲೋ ಫರಕ್ ತಿಳದಾವ್ರು ಈ ಊರಾಗ ಇಲ್ಲ. ಹಗುರ ಯಾವುದು ಅಂತ ನೀವು ಎಲ್ಲಾರಿಗೂ ಹೇಳಿ ಕೊಟ್ರಿ. ನನಗ ಯಾವ ಕೆಲಸಕ್ಕ ಯಾವ ಮಾತು ಸರಿ ಅಂತ ತಿಳೀಬೇಕಾಗಿತ್ತು. ತಿಳೀತು.”

ಸಿಟ್ಟು ಇಳಿದು ನಾಚಿಕೆಯಾಯಿತು. ಅವಳು ಮೆಟ್ಟಿಲು ಇಳಿದು ಹೋದ ಮೇಲೂ ಬಹಳ ಹೊತ್ತು ಬೋರ್ಡಿನ ಮುಂದೆಯೇ ನಿಂತಿದ್ದೆ.

ಮುಂದಿನ ಸೋಮವಾರ ಪುರಸಭೆಯಲ್ಲಿ ಅಹವಾಲು ಸಭೆ. ಕಾಶವ್ವ ಫೈಲು ಹಿಡಿದು ನಿಂತಿದ್ದಳು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ, ಯಾಕೆ ಹೋಗಿದ್ದೆನೋ ಹೇಳಲಾರೆ. ಅಧ್ಯಕ್ಷರು ಪಾಯಖಾನೆಯ ವಿಷಯ ಓದಿ, “ಇದನ್ನ ಯಾರು ತಗೋತೀರಿ?” ಎಂದರು. ಒಬ್ಬರು ಕೆಮ್ಮಿದರು, ಒಬ್ಬರು ಮೂಗಿನ ಮೇಲಿನ ಚಾಳೀಸು ತೆಗೆದು ಒರೆಸಿಕೊಂಡರು. ಇಂಜಿನಿಯರ್ ಸವಣೂರ ಸಾಹೇಬರು ನಲವತ್ತೆರಡನೆಯ ನಿಂಬೆಹಣ್ಣಿಗೆ ಬಾಯಿ ತೆರೆಯುವಷ್ಟರಲ್ಲಿ ಕಾಶವ್ವನ ಧ್ವನಿ ಕೇಳಿತು.

“ನಾ ತಗೋತೀನ್ರಿ. ಕನ್ಸಿಡರ್ ಇಟ್ ಡನ್.”

ಅವಳ ಕಾಲ ಕೆಳಗಿನ ಫರಶಿ ಕಲ್ಲು ಚಟ್ಟೆಂದು ಸೀಳಿತು. ಎರಡೂ ಮಂಡಿ ಬಾಗಿ, ಕೈ ನೆಲಕ್ಕೆ ಹತ್ತಿತು. ಯಾರೋ ‘ಅಯ್ಯೋ ಯವ್ವಾ’ ಎಂದರು. ಅವಳು ಹಲ್ಲು ಕಚ್ಚಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿ ನಿಂತಳು. ನೆಟ್ಟಗೆ ನಿಲ್ಲಲಾಗಲಿಲ್ಲ, ಸೊಂಟದಿಂದ ಮೇಲೆ ಬಾಗಿಯೇ ಇದ್ದಳು. ಫೈಲು ಕೆಳಗೆ ಬಿದ್ದಿತ್ತು, ಅದನ್ನು ಬಗ್ಗಿ ಎತ್ತಿದರೆ ಮತ್ತೆ ಏಳುವಂತಿರಲಿಲ್ಲ. ನಾನು ಹೋಗಿ ಎತ್ತಿಕೊಂಡೆ. ಅಂದಿನಿಂದ ಅವಳ ಹಿಂದೆ ಫೈಲು ಹಿಡಿದು ತಿರುಗುವುದು ನನ್ನ ಕೆಲಸವಾಯಿತು.

ಊರಿನವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಗಂಟೆ ಹೊಡೆಯುವವಳು ಪಾಯಖಾನೆ ಕಟ್ಟುತ್ತಾಳಂತೆ ಎಂದು ಚಹಾದಂಗಡಿಯಲ್ಲಿ ನಗೆಚಾಟಿಕೆ ನಡೆಯಿತು. ನನಗೂ ಒಳಗೊಳಗೆ ಹೆದರಿಕೆಯೇ. ಆ ಮಾತು ಆಡಿ ಮಾಡಲಾಗದವರು ಹಾಸಿಗೆ ಹಿಡಿದು, ಹಾಸಿಗೆಯಲ್ಲೇ ಹೋದದ್ದನ್ನು ಕೇಳಿದ್ದೆ. ಆದರೆ ಕಾಶವ್ವ ಮರುದಿನ ಬೆಳಿಗ್ಗೆ ಗೋಡೆ ಹಿಡಿದು ಹಿಡಿದು ಸವಣೂರ ಸಾಹೇಬರ ಕೋಣೆಗೆ ಹೊರಟಳು.

“ಬಾರವಾ. ನಕ್ಷೆ ಇಲ್ಲೇ ಅದ. ಐ ವಿಲ್ ಲುಕ್ ಇಂಟು ಇಟ್ ಪರ್ಸನಲಿ,” ಎಂದರು ಸಾಹೇಬರು. ಪರ್ಸನಲಿ ಸೇರಿಸಿದರೆ ಒಂದು ಗೋಲಿಯಷ್ಟು ಭಾರ ಹೆಚ್ಚು, ಅದನ್ನು ಉದಾರತೆ ಎಂದುಕೊಂಡಿದ್ದರು ಪಾಪ.

“ನೋಡೂದು ಸಾಕ್ರಿ ಸಾಹೇಬ್ರ, ಹದಿನಾಕ ವರ್ಷ ನೋಡ್ಯಾರ,” ಎಂದಳು ಕಾಶವ್ವ. “ನೀವು ಕಟ್ಟಿಸಿ ಕೊಡ್ತೀನಿ ಅನ್ನೂದೂ ಬ್ಯಾಡ. ಅದನ್ನ ನಾ ಹೊತ್ತೇನಿ. ‘ಐ ವಿಲ್ ಸೈನ್ ಇಟ್ ಬೈ ಫೈವ್ ಓ ಕ್ಲಾಕ್’ ಅನ್ರಿ, ಅಷ್ಟ ಸಾಕು.”

“ತಾಸು ಹೇಳಿ ಮಾತಾಡಿದ್ರ ಭಾಳ ವಜ್ಜಾ ಆಗ್ತದ, ಕಾಶವ್ವಾ.”

“ಒಂದ ಇಟ್ಟಂಗಿಯಷ್ಟ್ರಿ. ಅದೂ ಸಂಜೀ ಮಟಾ.”

ಅವಳ ಬಾಗಿದ ಬೆನ್ನನ್ನು ನೋಡುತ್ತ ಇಲ್ಲ ಎನ್ನಲು ಸಾಹೇಬರಿಗೆ ಬಾಯಿ ಬರಲಿಲ್ಲ. ಅಂದರು. ಹೆಗಲು ಒಮ್ಮೆ ಕುಸಿಯಿತು, ಮುಖ ಹುಳಿ ತಿಂದವರ ಹಾಗೆ ಆಯಿತು. ಐದು ಗಂಟೆಯವರೆಗೆ ಯಾರು ಹೊರುತ್ತಾರೆ ಎಂದು ಆಗಲೇ ಪೆನ್ನು ತೆಗೆದು ನಕ್ಷೆಗೆ ಸಹಿ ಹಾಕಿದರು. ಭಾರ ಇಳಿದದ್ದೇ ತಡ, ಅವರ ಮುಖದ ಮೇಲೆ ನಾನು ಎಂದೂ ಕಾಣದ ಒಂದು ನಗು ಬಂತು. ಹೊರದೆ ಇರುವ ಹಗುರ ಒಂದು, ಹೊತ್ತು ಇಳಿಸಿದ ಹಗುರ ಇನ್ನೊಂದು. ಇಪ್ಪತ್ತೆಂಟು ವರ್ಷ ಈ ವಿದ್ಯೆಯಲ್ಲೇ ಕಳೆದು, ಅದನ್ನೇ ಕಲಿಸುತ್ತಿದ್ದ ನನಗೆ ಆ ಫರಕು ಗೊತ್ತಿರಲಿಲ್ಲ. ಸಾಹೇಬರು ಹೆಗಲು ಸವರಿಕೊಂಡು, “ಇನ್ನೊಂದು ಏನರೆ ಇದ್ರ ಕೊಡವಾ,” ಎಂದರು. ಕಾಶವ್ವ ಕೊಟ್ಟಳು. ಸಿಮೆಂಟು, ಇಟ್ಟಿಗೆ, ಬಾಗಿಲು, ಒಂದೊಂದಕ್ಕೂ ಒಂದೊಂದು ತಾರೀಖಿನ ಮಾತು. ಒಂದು ವಾರದಲ್ಲಿ ಸಾಮಾನೆಲ್ಲ ಶಾಲೆಯ ಹಿತ್ತಲಿಗೆ ಬಂದು ಬಿತ್ತು.

ಗೋಡೆ ಕಟ್ಟಲು ಗೌಂಡಿ ಮೌಲಾಸಾಬನನ್ನು ಕೇಳಿದಳು. ಅವನು ಊರಿಗೇ ಒಳ್ಳೆಯ ಕೆಲಸಗಾರ, ಮನಸ್ಸೂ ಅಷ್ಟೇ ಒಳ್ಳೆಯದು. ಹಿಂದೊಮ್ಮೆ ಯಾರದೋ ಮನೆಗೆ ‘ಮೈ ಬೆಸ್ಟ್’ ಎಂದು ಒಪ್ಪಿಕೊಂಡು, ಮನೆ ಮುಗಿದರೂ ಆ ಕೊಡ ಇಳಿಯದೆ, ಇನ್ನೂ ಒಂಚೂರು ನುಣುಪು ಮಾಡಬಹುದಿತ್ತಲ್ಲ ಎಂದು ಎರಡು ವರ್ಷ ಅದೇ ಗೋಡೆ ತಿಕ್ಕಿದ್ದ. ಈಗ ಕಾಶವ್ವನ ಸ್ಥಿತಿ ನೋಡಿ ಅವನ ಕಣ್ಣಲ್ಲಿ ನೀರು ಬಂತು.

“ನಮ್ಮ ಮೊಮ್ಮಕ್ಳೂ ಅಲ್ಲೇ ಕಲಿತಾವ ಯವ್ವಾ. ಐ ವಿಲ್ ಡೂ ಮೈ…”

ಕಾಶವ್ವ ಮುಂದಕ್ಕೆ ಬಿದ್ದಂತೆ ಹೋಗಿ ಅವನ ಬಾಯಿ ಮುಚ್ಚಿದಳು. “ಬ್ಯಾಡ ಚಾಚಾ! ಆ ಮಾತು ಬ್ಯಾಡ. ಅದು ನಿಮ್ಮಂಥಾ ಛಲೋ ಮಂದೀನ ತಿಂತೈತಿ. ‘ಐ ವಿಲ್ ಫಿನಿಶ್ ದ ವಾಲ್ಸ್ ಬೈ ದ ಟ್ವೆಂಟಿಯತ್’ ಅನ್ರಿ. ಗ್ವಾಡಿ ನಿಂತ್ರ ಸಾಕು, ನಿಮ್ಮ ಭಾರ ಹೋತು. ನಿಮ್ಮ ಕೈ ಎಂಥಾದ್ದು ಅಂತ ನನಗ ಗೊತ್ತೈತಿ, ಬೆಸ್ಟ್ ಅಂತ ಅನ್ನಿಸಬೇಕಾಗಿಲ್ಲ.”

ಮೇ ಇಪ್ಪತ್ತಕ್ಕೆ ಆರು ಕೋಣೆಯ ಗೋಡೆ ನಿಂತವು. ಮೌಲಾಸಾಬ ಕರಣಿ ತೊಳೆದಿಟ್ಟು, ಎರಡೂ ಕೈ ಮೇಲೆತ್ತಿ ಮೈಮುರಿದ. ಬಾಗಿಲು ಕೂತವು, ಒಳಗೆ ಚಿಲಕ ಕೂತವು. ಚಹಾದಂಗಡಿಯಲ್ಲಿ ನಗುತ್ತಿದ್ದವರು ಈಗ ಶಾಲೆಯ ಹಿತ್ತಲಿಗೆ ಬಂದು ಬಾಗಿಲು ತೆಗೆದು ಹಾಕಿ ನೋಡಿ ಹೋಗತೊಡಗಿದರು. ಆದರೆ ಕಾಶವ್ವ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಳು. ಅಡುಗೆ ನೀಲಾ ಮಾಡುತ್ತಿದ್ದಳು. ಅತ್ತೆ ಬೆಳಿಗ್ಗೆ ಸಂಜೆ ಸೊಸೆಯ ಹೆಗಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿ, ತನ್ನ ಮಾತನ್ನು ಮಾತ್ರ ಸಡಿಲಿಸಲಿಲ್ಲ. ಉಳಿದದ್ದು ನೀರು. ನೀರಿಲ್ಲದ ಪಾಯಖಾನೆಗೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ?

ನೀರು ಬಿಡುವವನು ವಾಲ್ವ್‌ಮನ್ ಫಕೀರಪ್ಪ. ಶಾಲೆಗೆ ನಲವತ್ತು ಅಡಿ ಪೈಪು ಎಳೆಯುವ ಕೆಲಸಕ್ಕೆ ಅವನು ಆರು ವರ್ಷದ ಹಿಂದೆ ‘ಐ ಆಮ್ ವರ್ಕಿಂಗ್ ಆನ್ ಇಟ್’ ಎಂದಿದ್ದ. ಇದೂ ನನ್ನ ಕ್ಲಾಸಿನ ಸರಕೇ. ಈ ಮಾತು ದಿನಕ್ಕೊಮ್ಮೆ ಕೆಲಸ ಮುಟ್ಟಿದರೆ ಆ ದಿನದ ಮಟ್ಟಿಗೆ ಇಳಿದಿರುತ್ತದೆ. ಫಕೀರಪ್ಪ ಪ್ರತಿ ಬೆಳಿಗ್ಗೆ ಪಾನಾ ಹಿಡಿದು ಹೋಗಿ ಒಂದು ನಟ್ಟು ಬಿಗಿ ಮಾಡುತ್ತಿದ್ದ, ಮರುದಿನ ಅದನ್ನೇ ಸಡಿಲು ಮಾಡುತ್ತಿದ್ದ. ಆರು ವರ್ಷದಲ್ಲಿ ಆ ನಟ್ಟು ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು.

ಶಾಲೆ ತೆರೆಯಲು ನಾಲ್ಕು ದಿನ ಇರುವಾಗ ನಾವಿಬ್ಬರೂ ಅವನ ಮುಂದೆ ನಿಂತೆವು. ನಿಂತವನು ನಾನು, ಕಾಶವ್ವ ಮಣ್ಣಿನ ಮೇಲೆ ಕೂತೇಬಿಟ್ಟಳು.

“ಫಕೀರಣ್ಣಾ, ‘ಐ ವಿಲ್ ಬ್ರಿಂಗ್ ದ ವಾಟರ್ ಬೈ ಸಂಡೇ’ ಅನ್ನೋ.”

“ಅನ್ಲಿಕ್ಕೆ ನನಗೇನು ಬ್ಯಾಸರಿಲ್ಲ ತಂಗಿ. ಪೈಪಿನ ಹಾದ್ಯಾಗ ಕಲ್ಲಿನ ಕಟ್ಟಿ ಅಡ್ಡ ಐತಿ. ಅದು ಒಡೀದನ ನೀರು ಹೆಂಗ್ ಬರಬೇಕು?”

“ಯಾರ ಕಟ್ಟಿ?”

ಫಕೀರಪ್ಪ ಬಾಯಿಂದ ಹೇಳಲಿಲ್ಲ, ನನ್ನ ಕಡೆ ನೋಡಿದ. ಆ ಕಟ್ಟೆ ನನ್ನದು. ನಿವೃತ್ತನಾದ ವರ್ಷ ಮನೆಯ ಮುಂದೆ ಕಟ್ಟಿಸಿದ್ದು, ಅರ್ಧ ರಸ್ತೆಯ ಮೇಲೇ ಬಂದಿದೆ. ಬೆಳಿಗ್ಗೆ ಅದರ ಮೇಲೆ ಕೂತು ಪೇಪರು ಓದದಿದ್ದರೆ ನನಗೆ ದಿನ ಬೆಳಗುವುದಿಲ್ಲ. ಆರು ವರ್ಷದ ಹಿಂದೆ ಫಕೀರಪ್ಪ ಬಂದು ಕೇಳಿದಾಗ ನಾನು ‘ಐ ವಿಲ್ ಥಿಂಕ್ ಅಬೌಟ್ ಇಟ್’ ಎಂದಿದ್ದೆ. ಮಾತಿಗೆ ತಪ್ಪಿದವನಲ್ಲ ನಾನು. ಅದೇ ಕಟ್ಟೆಯ ಮೇಲೆ ಕೂತು ಅರ್ಧ ಗಳಿಗೆ ಯೋಚನೆ ಮಾಡಿದ್ದೆ. ಭಾರ ಇಳಿಯಿತು, ನಾನು ಮರೆತೂಬಿಟ್ಟೆ. ಎರಡು ತಿಂಗಳು ಅವಳ ಹಿಂದೆ ಫೈಲು ಹೊತ್ತು ತಿರುಗುವಾಗಲೂ ಅದು ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು, ನಂಬದಿದ್ದರೂ ನನಗೆ ಬೇಸರವಿಲ್ಲ.

ಕಾಶವ್ವ ಕೂತಲ್ಲಿಂದಲೇ ಕತ್ತು ಎತ್ತಿ ನನ್ನನ್ನು ನೋಡಿದಳು. ಬೈಯಲಿ ಎಂದುಕೊಂಡೆ. ಬೈಯಲಿಲ್ಲ.

“ಮಾಸ್ತರ, ಎಲ್ಲಾರಿಗೂ ಏನ್ ಅನ್ಬೇಕಂತ ಹೇಳಿಕೊಟ್ಟೆ. ನಿಮಗ ಹೇಳಿ ಕೊಡಾಕಿ ನಾ ಅಲ್ಲ. ಫರಕ್ ಕಲಿಸಿದಾವ್ರು ನೀವ ಅದೀರಿ.”

ನನ್ನ ಬಾಯಿಗೆ ಮೊದಲು ಬಂದದ್ದು ನಿಂಬೆಹಣ್ಣೇ. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಆಮೇಲೆ ತೆಂಗಿನಕಾಯಿ ಬಂತು. ನಾಲಿಗೆಯ ಮೇಲೆ ಒಂದೊಂದಾಗಿ ಬಂದ ಆ ಹಗುರ ಮಾತುಗಳನ್ನೆಲ್ಲ ನುಂಗಿಕೊಂಡೆ. ನನಗೆ ಅರವತ್ತೇಳು ವರ್ಷ, ಮಂಡಿ ನೋವು ಬೇರೆ, ಆದರೂ ಆ ಕ್ಷಣ ಬೇರೆ ಮಾತು ಸರಿ ಅನಿಸಲಿಲ್ಲ.

“ಲೀವ್ ಇಟ್ ಟು ಮಿ,” ಎಂದೆ.

ಅರ್ಧ ಚೀಲದಷ್ಟು ಭಾರ ಬಂದು ಹೆಗಲಿಗೆ ಅಪ್ಪಳಿಸಿತು. ಉಸಿರು ಕಟ್ಟಿ, ಫಕೀರಪ್ಪನ ತೋಳು ಹಿಡಿದುಕೊಂಡೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಮಾತು ಮೈಮೇಲೆ ಬಂದರೆ ಹೀಗಿರುತ್ತದೆ ಎಂದು ಆಗಲೇ ತಿಳಿದದ್ದು. ಓಡಾಡಲು ಕಷ್ಟವಾಗುತ್ತಿದ್ದರೂ ಎದೆಯೊಳಗೆ ಏನೋ ಗಟ್ಟಿಯಾಯಿತು. ಫಕೀರಪ್ಪ ನನ್ನನ್ನು ಹಿಡಿದುಕೊಂಡೇ ತನ್ನ ಭಾನುವಾರದ ಮಾತನ್ನೂ ಆಡಿದ.

ಮರುದಿನ ಬೆಳಿಗ್ಗೆ ಪೇಪರು ಬಿಟ್ಟು ಕಬ್ಬಿಣದ ಹಾರೆ ಕೈಗೆ ತೆಗೆದುಕೊಂಡೆ. ನನ್ನ ಹೆಂಡತಿ ಪದ್ದಕ್ಕ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. “ಮೂವತ್ತೈದು ವರ್ಷದಾಗ ಇವತ್ತ ನಿಮ್ಮ ಅಂಗಿ ಮೈಗೆ ಸರಿ ಕೂತದ ನೋಡ್ರಿ,” ಎಂದು, ಸೀರೆ ಎತ್ತಿ ಕಟ್ಟಿ ಬುಟ್ಟಿ ಹಿಡಿದು ಬಂದಳು. ನಾನು ಒಡೆದ ಕಲ್ಲನ್ನು ಅವಳು ಎತ್ತಿ ಹಾಕಿದಳು. ಮಧ್ಯಾಹ್ನಕ್ಕೆ ಸವಣೂರ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಬಂದರು. ಸಂಜೆಗೆ ನನ್ನ ಹಳೆಯ ಶಿಷ್ಯರು, ಹಗುರ ಮಾತಿನಲ್ಲಿ ನನ್ನನ್ನೇ ಮೀರಿಸಿದವರು, ಒಬ್ಬೊಬ್ಬರಾಗಿ ಬಂದು ‘ಐ ವಿಲ್ ಬ್ರೇಕ್ ದಿಸ್ ಒನ್’ ಎಂದು ಒಂದೊಂದು ಕಲ್ಲು ಆರಿಸಿಕೊಂಡರು. ಆ ಬೀದಿಯಲ್ಲಿ ಅಷ್ಟೊಂದು ಹೆಗಲು ಒಟ್ಟಿಗೆ ಕುಸಿದು ಒಟ್ಟಿಗೆ ಏಳುವುದನ್ನು ಯಾರೂ ನೋಡಿರಲಿಲ್ಲ. ಶನಿವಾರ ಕಟ್ಟೆ ನೆಲಸಮವಾಯಿತು, ನನ್ನ ಹೆಗಲು ಖಾಲಿಯಾಯಿತು. ಭಾನುವಾರ ನಾಲ್ಕು ಗಂಟೆಗೆ ಫಕೀರಪ್ಪ ವಾಲ್ವು ತಿರುಗಿಸಿದ. ಶಾಲೆಯ ಆರೂ ನಲ್ಲಿಗಳಲ್ಲಿ ನೀರು ಧುಮುಕಿತು. ಜನ ಚಪ್ಪಾಳೆ ತಟ್ಟಿದರು, ಮೌಲಾಸಾಬ ನಲ್ಲಿಯ ಕೆಳಗೆ ತಲೆಯನ್ನೇ ಒಡ್ಡಿದ.

ಆಮೇಲೆ ಎಲ್ಲರೂ ಕಾಶವ್ವನ ಕಡೆ ತಿರುಗಿದರು. ಅವಳು ಇನ್ನೂ ಬಾಗಿಯೇ ಇದ್ದಳು. ಒಂದು ಕಾಳಿನಷ್ಟೂ ಇಳಿದಿರಲಿಲ್ಲ. ಗೋಡೆ ಇತ್ತು, ಬಾಗಿಲಿತ್ತು, ನೀರಿತ್ತು. ಎಲ್ಲಿ ತಪ್ಪಿತು ಎಂದು ಸಾಹೇಬರು ನಕ್ಷೆ ಬಿಚ್ಚಿ ಮತ್ತೆ ಮತ್ತೆ ನೋಡಿದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

“ಹೆದರಬ್ಯಾಡ್ರಿ,” ಎಂದಳು ಕಾಶವ್ವ, ಉಸಿರು ಸಿಗದಿದ್ದರೂ. “ಕಟ್ಟೂದು ಫಿನಿಶ್ ಆಗೇತ್ರಿ. ನಾ ಫಿನಿಶ್ ಅಂತ ಅಂದಿರ್ಲಿಲ್ಲ, ಡನ್ ಅಂದಿದ್ದೆ. ನಾಳೆ ಮಟಾ ತಡೀರಿ.”

ಸೋಮವಾರ ಶಾಲೆ ತೆರೆಯಿತು. ಸುದ್ದಿ ಊರು ಸುತ್ತಿತ್ತು. ಎಂಟನೆಯ ಇಯತ್ತೆಗೆ ಇಪ್ಪತ್ತಾರು ಹುಡುಗಿಯರ ಹೆಸರು ಹತ್ತಿತು. ಹಿಂದೆ ಬಿಟ್ಟುಹೋದವರಲ್ಲಿ ಏಳು ಜನ ಲಂಗದಾವಣಿ ಉಟ್ಟುಕೊಂಡೇ ಬಂದಿದ್ದರು. ನೀಲಾಳನ್ನು ಅಜ್ಜಿಯೇ ಕೈಹಿಡಿದು ತಂದು ಬಿಟ್ಟಳು. ಬೆಳಿಗ್ಗೆ ಎಲ್ಲರೂ ಇದ್ದರು, ಆದರೆ ಬೆಳಿಗ್ಗೆ ಇರುವುದು ಆ ಶಾಲೆಗೆ ಹೊಸದಲ್ಲ. ಒಂದಕ್ಕೆ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಾಯಿತು. ಕಾಶವ್ವ ಕೋಲು ಎತ್ತಲಾರದೆ ಕಂಬಕ್ಕೆ ಒರಗಿ ಕೂತಳು, ನಾನೇ ಗಂಟೆ ಹೊಡೆದು ಅವಳ ಪಕ್ಕ ಕೂತೆ. ಹಿತ್ತಲಿನಿಂದ ಚಿಲಕದ ಸದ್ದು, ನೀರಿನ ಸದ್ದು, ಹುಡುಗಿಯರು ಒಬ್ಬರಿಗೊಬ್ಬರು ನೀರು ಎರಚಿಕೊಂಡು ಕಿರುಚುವ ಸದ್ದು. ಎರಡು ಗಂಟೆಗೆ ಹೆಡ್‌ಬಾಯಾರು ಎಂಟನೆಯ ಇಯತ್ತೆಗೆ ಹೋಗಿ ಮಧ್ಯಾಹ್ನದ ಹಾಜರಿ ಪುಸ್ತಕ ತೆರೆದರು. ಹದಿನಾಲ್ಕು ವರ್ಷದಿಂದ ಆ ಪುಟ ಬಹುತೇಕ ಖಾಲಿ.

ಒಂದೊಂದೇ ಹೆಸರು ಕೇಳುತ್ತಿತ್ತು, ಒಂದೊಂದೇ ‘ಹಾಜರ್’ ಬರುತ್ತಿತ್ತು. ಕಾಶವ್ವ ಕಣ್ಣು ಮುಚ್ಚಿ ಬೆರಳು ಮಡಚುತ್ತಿದ್ದಳು. ನೀಲಾಳ ಹೆಸರು ಬಂತು, ನೀಲಾ ಹಾಜರ್ ಎಂದಳು. ನಾನು ಕಾಶವ್ವನ ಹೆಗಲು ನೋಡಿದೆ. ಇಳಿಯಲಿಲ್ಲ. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು.

“ಚಾಂದಬಿ,” ಎಂದರು ಹೆಡ್‌ಬಾಯಾರು.

ಉತ್ತರವಿಲ್ಲ.

“ಚಾಂದಬಿ! ಮನಿಗೆ ಹೋದ್ಲೇನು?”

ಕಾಶವ್ವನ ಕೊನೆಯ ಬೆರಳು ಮಡಚದೆ ಹಾಗೇ ನಿಂತಿತ್ತು. ಅವಳ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು ನೆಲಕ್ಕೆ ಬಿತ್ತು. ಬಾಯಾರು ಪೆನ್ನು ಎತ್ತಿದ್ದು ಕಿಟಕಿಯಲ್ಲಿ ನನಗೆ ಕಂಡಿತು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ದಡದಡ ಹೆಜ್ಜೆ ಕೇಳಿತು. ಎಣ್ಣೆ ಹಚ್ಚಿದ ಎರಡು ಜಡೆಯ ಹುಡುಗಿಯೊಬ್ಬಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ನಮ್ಮನ್ನು ದಾಟಿ ಓಡಿ, ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಕೂಗಿದಳು.

“ಹಾಜರ್ರೀ ಬಾಯಾರ! ಸಂಡಾಸಕ್ಕ ಹೋಗಿದ್ದೆ!”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನ ಪಕ್ಕದಲ್ಲಿ ಕಾಶವ್ವ ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟಳು. ಕೈ ನೆಲಕ್ಕೆ ಊರದೆ, ಕಂಬ ಹಿಡಿಯದೆ, ಎದ್ದಳು. ಬೆನ್ನು ನೆಟ್ಟಗಾಯಿತು, ಹೆಗಲು ಎರಡೂ ಸಮಕ್ಕೆ ಬಂದವು. ಗಂಟೆಯ ಕೋಲು ತೆಗೆದುಕೊಂಡವಳೇ ಹೊತ್ತಲ್ಲದ ಹೊತ್ತಿನಲ್ಲಿ, ಊರಿನ ಆಚೆ ತುದಿಗೂ ಕೇಳುವ ಹಾಗೆ ಹೊಡೆದಳು, ಹೊಡೆದಳು, ಹೊಡೆಯುತ್ತಲೇ ಇದ್ದಳು. ಹೆಡ್‌ಬಾಯಾರು ಹಾಜರಿ ಪುಸ್ತಕ ಹಿಡಿದುಕೊಂಡೇ ಹೊರಗೆ ಓಡಿ ಬಂದು, “ಏನಾತ ಕಾಶವ್ವಾ? ಏನಾತು?” ಎಂದು ಕೇಳಿದರು.

“ಆತ್ರಿ ಬಾಯಾರ,” ಎಂದಳು ಕಾಶವ್ವ. “ಕೆಲಸ ಆತು.”